ಲೆಕ್ಕಕ್ಕುಂಟು, ಆಟಕ್ಕಿಲ್ಲ

ಬೇಸ್‌ಬಾಲ್ ಆಡುವ ಅಮೆರಿಕನ್ನರಿಗೆ ಲೆಕ್ಕದ ಹುಚ್ಚು. ಯಾವ ಊರಿನಲ್ಲಿ, ಯಾವ ಮಧ್ಯಾಹ್ನ, ಯಾವ ಪುಣ್ಯಾತ್ಮ ಎಷ್ಟು ಸಲ ಬ್ಯಾಟು ಬೀಸಿದ, ಎಷ್ಟು ಸಲ ಗಾಳಿಗೆ ಹೊಡೆದ ಎಂಬುದನ್ನು ನೂರು ವರ್ಷ ಕಳೆದ ಮೇಲೂ ಚಾಚೂ ತಪ್ಪದೆ ಒಪ್ಪಿಸುತ್ತಾರೆ. ಅವರ ಅಮೆರಿಕನ್ ಲೀಗ್‌ನ ಖಾತೆಯಲ್ಲಿ 1912ರ ಮೇ 18ರಂದು ಬರೆದ ಒಂದು ದಾಖಲೆ ಇವತ್ತಿಗೂ ಅಳಿಸಿಲ್ಲ. ಒಂದೇ ಪಂದ್ಯದಲ್ಲಿ ಅತಿ ಹೆಚ್ಚು ರನ್ ಕೊಟ್ಟ ಪಿಚರ್ ಯಾರು? ಡೆಟ್ರಾಯ್ಟ್ ಟೈಗರ್ಸ್ ತಂಡದ ಅಲನ್ ಟ್ರಾವರ್ಸ್. ಎಂಟು ಇನಿಂಗ್ಸ್, 26 ಹಿಟ್, ಏಳು ಸಲ ಬಿಟ್ಟಿಯಾಗಿ ಮೊದಲ ಬೇಸ್, 24 ರನ್. ಎದುರಾಳಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್. ಫಲಿತಾಂಶ 24–2.

ಕ್ರಿಕೆಟ್ ನೋಡಿ ಬೆಳೆದವರಿಗೆ 24 ರನ್ ಎಂದರೆ ನಗು ಬಂದೀತು. ಗ್ರಹಚಾರ ಕೆಟ್ಟ ಬೌಲರ್ ಒಂದೇ ಓವರಿನಲ್ಲಿ ಕೊಟ್ಟು ಟೋಪಿ ಇಸಿದುಕೊಂಡು ಹೋಗುವ ಮೊತ್ತ ಅದು. ಬೇಸ್‌ಬಾಲಿನ ಲೆಕ್ಕ ಬೇರೆ. ಹೊಡೆದವನು ಮೂರು ಬೇಸ್ ದಾಟಿ, ಹೊರಟ ಜಾಗಕ್ಕೇ ಸುತ್ತಿಬಂದರೆ ಒಂದು ರನ್. ಮೂರು ನಾಲ್ಕು ರನ್ ಗಳಿಸಿದ ತಂಡ ಗೆದ್ದು ನೆಮ್ಮದಿಯಾಗಿ ಊಟಕ್ಕೆ ಕೂರುತ್ತಿದ್ದ ಕಾಲವದು. ಚೆಂಡು ಮೆತ್ತಗಾಗಿ, ಮಣ್ಣು ಮೆತ್ತಿಕೊಂಡು, ಎಷ್ಟು ಹೊಡೆದರೂ ದೂರ ಹೋಗದಂತಾದರೂ ಅದನ್ನೇ ಒರೆಸಿ ಎಸೆಯುತ್ತಿದ್ದರು. ಅಂಥ ಚೆಂಡಿನಲ್ಲಿ 24 ರನ್ ಕೊಡಬೇಕಾದರೆ ವಿಶೇಷ ಯೋಗ್ಯತೆ ಬೇಕು.

ಟ್ರಾವರ್ಸ್‌ಗೆ ಆ ಯೋಗ್ಯತೆ ಧಾರಾಳವಾಗಿತ್ತು. ಅವನು ಪಿಚರ್ ಆಗಿರಲೇ ಇಲ್ಲ. ಫಿಲಡೆಲ್ಫಿಯಾದ ಸೇಂಟ್ ಜೋಸೆಫ್ಸ್ ಕಾಲೇಜಿನ ವಿದ್ಯಾರ್ಥಿ, ಇಪ್ಪತ್ತು ತುಂಬಿ ಹನ್ನೊಂದು ದಿನವಾಗಿತ್ತು. ಕಾಲೇಜಿನ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದ. ಕಾಲೇಜು ತಂಡಕ್ಕೆ ಅವನು ಸಹಾಯಕ ಮ್ಯಾನೇಜರ್. ಅಂದರೆ ಆಡುವವರ ಬೆನ್ನಿಗೆ ನಿಂತು ಓಡಾಟ ನೋಡಿಕೊಳ್ಳುವವನು. ಅಂಥವನು ಒಂದು ಶನಿವಾರ ಮಧ್ಯಾಹ್ನ, 1910 ಮತ್ತು 1911ರಲ್ಲಿ ಎರಡು ವರ್ಷ ಸತತವಾಗಿ ವಿಶ್ವ ಚಾಂಪಿಯನ್ ಆಗಿದ್ದ ತಂಡದ ಮುಂದೆ ಚೆಂಡು ಹಿಡಿದು ನಿಂತದ್ದು ಹೇಗೆ? ಯಾರೋ ಹುಚ್ಚರು ಮಾಡಿದ ಕೆಲಸವಲ್ಲ. ಪ್ರತಿಯೊಂದೂ ನಿಯಮದ ಪ್ರಕಾರವೇ ನಡೆಯಿತು. ನಿಯಮದ ಪ್ರಕಾರ ನಡೆದದ್ದರಿಂದಲೇ ಇಷ್ಟು ಅಂದವಾಗಿ ಬಂತು.

ಮೂರು ದಿನ ಹಿಂದಕ್ಕೆ ಹೋಗೋಣ. ಮೇ 15, ನ್ಯೂಯಾರ್ಕಿನ ಹಿಲ್‌ಟಾಪ್ ಪಾರ್ಕ್. ಡೆಟ್ರಾಯ್ಟ್ ತಂಡದ ಟೈ ಕಾಬ್ ಆ ಕಾಲದ ಅತಿ ದೊಡ್ಡ ಆಟಗಾರ. ಹಿಂದಿನ ವರ್ಷ ಅವನ ಬ್ಯಾಟಿಂಗ್ ಸರಾಸರಿ .420, ಹತ್ತು ಸಲ ಬ್ಯಾಟು ಹಿಡಿದರೆ ನಾಲ್ಕು ಸಲಕ್ಕೂ ಮಿಕ್ಕಿ ಹಿಟ್. ಅತಿ ದೊಡ್ಡ ಸಿಡುಕನೂ ಅವನೇ. ಸ್ವಂತ ತಂಡದವರೂ ಅವನ ಪಕ್ಕ ಕೂರಲು ಇಷ್ಟಪಡುತ್ತಿರಲಿಲ್ಲ. ಪ್ರೇಕ್ಷಕರ ಸಾಲಿನಲ್ಲಿ ಕ್ಲಾಡ್ ಲ್ಯೂಕರ್ ಎಂಬಾತ ಕುಳಿತು ಇನಿಂಗ್ಸ್ ಮೇಲೆ ಇನಿಂಗ್ಸ್ ಕಾಬ್‌ನನ್ನು ಬೈಯುತ್ತಿದ್ದ. ಬೈಗುಳ ಕಾಬ್‌ನಿಂದ ಅವನ ತಾಯಿಗೆ ಹೋಯಿತು, ತಾಯಿಯಿಂದ ವಂಶಕ್ಕೆ ಹೋಯಿತು, ಕೊನೆಗೆ ವಂಶದ ಬಣ್ಣಕ್ಕೆ ಬಂದು ನಿಂತಿತು. ಕಾಬ್‌ನ ಮೈಯಲ್ಲಿ ಅರ್ಧ ಕರಿಯರ ರಕ್ತವಿದೆ ಎಂಬ ಅರ್ಥದ, ಇಲ್ಲಿ ಬರೆಯಬಾರದ ಮಾತು. ಜಾರ್ಜಿಯಾದ ಬಿಳಿಯ ಕಾಬ್ ಮಿಕ್ಕ ಬೈಗುಳವನ್ನೆಲ್ಲ ನುಂಗಿಕೊಂಡಾನು, ಇದನ್ನು ನುಂಗಲಾರ. ಕಟಕಟೆ ಹಾರಿ ಪ್ರೇಕ್ಷಕರ ನಡುವೆ ನುಗ್ಗಿ, ಲ್ಯೂಕರ್‌ನನ್ನು ಕೆಡವಿ, ಗುದ್ದಿ, ಮೊಳೆ ಬೂಟಿನಲ್ಲಿ ಒದ್ದ.

ಲ್ಯೂಕರ್‌ಗೆ ಒಂದು ಕೈ ಇರಲಿಲ್ಲ. ಇನ್ನೊಂದು ಕೈಯಲ್ಲಿ ಮೂರು ಬೆರಳಿರಲಿಲ್ಲ. ಮುದ್ರಣ ಯಂತ್ರಕ್ಕೆ ಸಿಕ್ಕಿ ಹೋಗಿದ್ದವು. ಸುತ್ತಲಿನವರು ‘ಅವನಿಗೆ ಕೈಯಿಲ್ಲ, ಬಿಡಯ್ಯಾ’ ಎಂದು ಕೂಗಿದಾಗ, ಕಾಲಿಲ್ಲದಿದ್ದರೂ ಬಿಡುವವನಲ್ಲ ಎಂದು ಕಾಬ್ ಉತ್ತರ ಕೊಟ್ಟನೆಂದು ಪ್ರತೀತಿ. ಹೇಳಿದನೋ ಇಲ್ಲವೋ, ಅವನ ಸ್ವಭಾವಕ್ಕೆ ಹೊಂದುವ ಮಾತಂತೂ ಹೌದು.

ಇಷ್ಟು ಹೊತ್ತಿಗೆ ರಂಗಕ್ಕೆ ದೊರೆಯ ಪ್ರವೇಶ. ಅಮೆರಿಕನ್ ಲೀಗ್‌ನ ಅಧ್ಯಕ್ಷ ಬ್ಯಾನ್ ಜಾನ್ಸನ್ ಅಂದು ಅದೇ ಮೈದಾನದಲ್ಲಿ ಪಂದ್ಯ ನೋಡುತ್ತ ಕುಳಿತಿದ್ದ. ಲೀಗ್ ಕಟ್ಟಿದವನು ಅವನೇ, ನಡೆಸುವವನೂ ಅವನೇ, ದೂರು ಕೇಳುವವನೂ ತೀರ್ಪು ಕೊಡುವವನೂ ಅವನೇ. ಹೀಗಿರುವಾಗ ವಿಚಾರಣೆ ಎಂಬ ದಂಡದ ಖರ್ಚು ಏಕೆ? ಕಾಬ್‌ನನ್ನು ಅನಿರ್ದಿಷ್ಟ ಕಾಲದವರೆಗೆ ಅಮಾನತು ಮಾಡಿದ. ಒಂದು ವಾರವೋ, ಒಂದು ವರ್ಷವೋ, ದೊರೆಯ ಮರ್ಜಿ.

ಡೆಟ್ರಾಯ್ಟ್ ಆಟಗಾರರು ಸಿಟ್ಟಾದರು. ಕಾಬ್‌ನ ಮೇಲಿನ ಪ್ರೀತಿಯಿಂದಲ್ಲ. ಆ ಸರಕು ಅವರ ಬಳಿ ದಾಸ್ತಾನಿರಲಿಲ್ಲ. ಕೇಳದೆ ಹೇಳದೆ ಇವನನ್ನು ಹೊರಗಿಟ್ಟವರು ನಾಳೆ ನಮ್ಮನ್ನೂ ಇಡುತ್ತಾರೆ, ಪ್ರೇಕ್ಷಕರು ಬಾಯಿಗೆ ಬಂದಂತೆ ಬೈದರೆ ನಮ್ಮನ್ನು ಕಾಯುವವರಿಲ್ಲ ಎಂಬುದು ತಕರಾರು. ಆ ದಿನಗಳಲ್ಲಿ ಆಟಗಾರನ ಕರಾರಿನಲ್ಲಿ ಒಂದು ಸೊಗಸಾದ ಕಲಮು ಇರುತ್ತಿತ್ತು: ಒಮ್ಮೆ ಸಹಿ ಹಾಕಿದರೆ ಮಾಲೀಕ ಬಿಟ್ಟುಕೊಡುವವರೆಗೂ ಅದೇ ತಂಡ. ಬೇರೆ ಕಡೆ ಹೆಚ್ಚು ಸಂಬಳ ಕೊಡುತ್ತೇನೆಂದರೂ ಹೋಗುವ ಹಾಗಿಲ್ಲ. ನಮ್ಮಲ್ಲಿ ಇದಕ್ಕೆ ಜೀತ ಎನ್ನುತ್ತೇವೆ. ಅವರು ‘ರಿಸರ್ವ್’ ಎಂದು ಮರ್ಯಾದೆಯ ಹೆಸರಿಟ್ಟಿದ್ದರು. ಆಟಗಾರರು ಎಲ್ಲರೂ ಸಹಿ ಹಾಕಿ ಜಾನ್ಸನ್‌ಗೆ ತಂತಿ ಕಳಿಸಿದರು: ಕಾಬ್‌ನನ್ನು ಒಳಗೆ ಬಿಡದಿದ್ದರೆ ನಾವೂ ಆಡುವುದಿಲ್ಲ. ದೊರೆ ಜಗ್ಗಲಿಲ್ಲ. ಮೇಜರ್ ಲೀಗ್ ಆಟಗಾರರ ಮೊದಲ ಮುಷ್ಕರ ಎಂದು ಇದನ್ನೇ ಹೇಳುತ್ತಾರೆ.

ಕಷ್ಟಕ್ಕೆ ಬಂದದ್ದು ತಂಡದ ಮಾಲೀಕ ಫ್ರಾಂಕ್ ನ್ಯಾವಿನ್‌ಗೆ. ಒಂದು ತಿಂಗಳ ಹಿಂದಷ್ಟೇ, ಏಪ್ರಿಲ್ 20ರಂದು, ಡೆಟ್ರಾಯ್ಟಿನಲ್ಲಿ ಹೊಸ ಮೈದಾನ ಕಟ್ಟಿಸಿ, ಸಂಕೋಚವಿಲ್ಲದೆ ಅದಕ್ಕೆ ನ್ಯಾವಿನ್ ಫೀಲ್ಡ್ ಎಂದು ತನ್ನ ಹೆಸರೇ ಇಟ್ಟಿದ್ದ. ಕೈ ಬರಿದಾಗಿರುವ ಹೊತ್ತು. ಲೀಗ್‌ನ ನಿಯಮವೋ, ತಂಡ ಮೈದಾನಕ್ಕಿಳಿಯದಿದ್ದರೆ ಪಂದ್ಯಕ್ಕೆ 5,000 ಡಾಲರ್ ದಂಡ. ಕಾಬ್‌ನಂಥ ಕಾಬ್‌ಗೇ ಇಡೀ ವರ್ಷಕ್ಕೆ ಸಂಬಳ 9,000.

ಇಲ್ಲಿ ನಿಯಮವನ್ನು ಸ್ವಲ್ಪ ಕೈಯಲ್ಲಿ ಹಿಡಿದು ನೋಡಬೇಕು. ತಂಡ ಇಳಿಯಬೇಕು ಎಂದಿದೆ. ಒಂಬತ್ತು ಜನ ಇರಬೇಕು ಎಂದಿದೆ. ಆ ಒಂಬತ್ತು ಜನಕ್ಕೆ ಆಟ ಬರಬೇಕು ಎಂದು ಎಲ್ಲಿದೆ? ಗ್ರಾಮಸಭೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಕೋರಂ ಆಗಬೇಕು ಅಷ್ಟೇ. ಬಂದವರು ಯಾರು, ಏನು ಕೇಳಿಸಿಕೊಂಡರು, ಎಚ್ಚರವಿದ್ದರೋ ತೂಕಡಿಸಿದರೋ, ಅದನ್ನೆಲ್ಲ ನಡಾವಳಿ ಪುಸ್ತಕ ಕೇಳುವುದಿಲ್ಲ. ನ್ಯಾವಿನ್ ತನ್ನ ಮ್ಯಾನೇಜರ್ ಹ್ಯೂಯಿ ಜೆನ್ನಿಂಗ್ಸ್‌ಗೆ ಆಜ್ಞೆ ಕೊಟ್ಟ: ಎಲ್ಲಿಂದಾದರೂ ತಾ, ಒಂಬತ್ತು ಜನ ಇರಲಿ.

ಶನಿವಾರದ ಪಂದ್ಯ ಫಿಲಡೆಲ್ಫಿಯಾದಲ್ಲಿ, ಡೆಟ್ರಾಯ್ಟಿನವರಿಗೆ ಅದು ಪರಊರು. ಅಲ್ಲಿನ ಪತ್ರಿಕೆಯೊಂದರ ಕ್ರೀಡಾ ವರದಿಗಾರ ಜೋ ನೋಲನ್‌ಗೆ ಟ್ರಾವರ್ಸ್‌ನ ಪರಿಚಯವಿತ್ತು. ನಾಲ್ಕು ಹುಡುಗರನ್ನು ಕಲೆಹಾಕು ಮಾರಾಯ ಎಂಬ ಮಾತು ಹೀಗೆ ಪಿಟೀಲಿನ ಹುಡುಗನ ಕಿವಿಗೆ ಬಿತ್ತು. ಸುದ್ದಿ ಬರೆಯಬೇಕಾದವನೇ ಸುದ್ದಿಗೆ ಬೇಕಾದ ಸಾಮಾನು ಸರಬರಾಜು ಮಾಡಿದ ಎಂದು ಮೂಗು ಮುರಿಯಬೇಡಿ. ಪತ್ರಿಕೋದ್ಯಮ ಆಗಲೂ ಬಹಳ ಕೆಲಸ ಮಾಡುತ್ತಿತ್ತು. ಟ್ರಾವರ್ಸ್ ಬೀದಿ ಮೂಲೆಗೆ ಹೋಗಿ ಅಲ್ಲಿ ಹರಟೆ ಹೊಡೆಯುತ್ತಿದ್ದವರನ್ನು ಎಬ್ಬಿಸಿಕೊಂಡು ಬಂದ. ಬಿಲ್ ಲೀನ್‌ಹೌಸರ್ ಬಂದ. ಜಿಮ್ ಮೆಗಾರ್, ಡ್ಯಾನ್ ಮೆಗಾರ್ವಿ, ಹ್ಯಾಪ್ ವಾರ್ಡ್ ಬಂದರು. ಬಿಲ್ಲಿ ಮಹಾರ್ಗ್ ಬಂದ. ಅವನು ಬಾಕ್ಸರ್, ಮುಷ್ಟಿಯ ಕೆಲಸದವನು. ಎಡ್ ಇರ್ವಿನ್ ಬಂದ. ಹೆಚ್ಚುಕಡಿಮೆ ಇದು ತಂಡ.

ಶನಿವಾರ ಮಧ್ಯಾಹ್ನ ಅಥ್ಲೆಟಿಕ್ಸ್‌ನ ಮೈದಾನವಾದ ಶೈಬ್ ಪಾರ್ಕಿನಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ದುಡ್ಡು ಕೊಟ್ಟು ಕೂತಿದ್ದರು. ನಿಜವಾದ ಟೈಗರ್ಸ್ ಸಮವಸ್ತ್ರ ತೊಟ್ಟು ಕಾಬ್‌ನ ಜತೆ ಮೈದಾನಕ್ಕಿಳಿದರು. ಅಮಾನತಾದವನು ಹೊರಗೆ ನಡಿ ಎಂದು ಅಂಪೈರ್ ಹೇಳಿದ. ಕಾಬ್ ನಡೆದ, ಹಿಂದೆಯೇ ಇಡೀ ತಂಡವೂ ನಡೆಯಿತು. ಒಳಗೆ ಹೋಗಿ ಸಮವಸ್ತ್ರ ಕಳಚಿಕೊಟ್ಟರು. ಅದೇ ಬಿಸಿ ಆರದ ಬಟ್ಟೆಯೊಳಗೆ ಬೀದಿ ಮೂಲೆಯ ಹುಡುಗರು ತೂರಿಕೊಂಡರು. ಒಬ್ಬನಿಗೆ ತೋಳು ಉದ್ದ, ಒಬ್ಬನಿಗೆ ಸೊಂಟ ಸಡಿಲ ಆಗಿರಲೇಬೇಕು. ಅದನ್ನು ಊಹಿಸಿಕೊಂಡು ನಗುವ ಸ್ವಾತಂತ್ರ್ಯ ನಮಗಿದೆ. ಎದೆಯ ಮೇಲಿನ ಡೆಟ್ರಾಯ್ಟಿನ ಗುರುತು ಮಾತ್ರ ಎಲ್ಲರಿಗೂ ಸರಿಯಾಗಿ ಹೊಂದಿತು. ಕಾಬ್‌ನ ಜಾಗದಲ್ಲಿ, ಸೆಂಟರ್ ಫೀಲ್ಡಿನಲ್ಲಿ, ಲೀನ್‌ಹೌಸರ್ ನಿಂತ.

ಇಷ್ಟಾದರೂ ತಲೆಯೆಣಿಕೆ ಒಂಬತ್ತಕ್ಕೆ ಸಾಲಲಿಲ್ಲ. ಜೆನ್ನಿಂಗ್ಸ್ ತನ್ನ ಇಬ್ಬರು ತರಬೇತುದಾರರನ್ನೂ ಇಳಿಸಿದ. ಕ್ಯಾಚರ್ ಆಗಿ ಡೀಕನ್ ಮೆಗ್ವೈರ್, ವಯಸ್ಸು 48. ಮೊದಲ ಬೇಸಿಗೆ ಜೋ ಸಗ್ಡನ್, ವಯಸ್ಸು 41. ಮೊಣಕಾಲು ನೋವಿನ ಎಣ್ಣೆ ಹಚ್ಚಿಕೊಳ್ಳುವ ಕಾಲಕ್ಕೆ ಕರೆ ಬಂದಿತ್ತು, ಹೋದರು.

ಕೂಲಿಯ ಮಾತೂ ಆಗಲಿ. ಟ್ರಾವರ್ಸ್ ಮುಂದೆ ಹೇಳಿಕೊಂಡ ಪ್ರಕಾರ ತಲೆಗೆ 25 ಡಾಲರ್, ಚೆಂಡೆಸೆಯುವವನಿಗೆ ಮಾತ್ರ 50. ಪಿಟೀಲಿನ ಹುಡುಗ ಪಿಚರ್ ಆದದ್ದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ಬೇಕೇ? ಬಾಡಿಗೆಯವರೆಲ್ಲರ ಕೂಲಿ ಕೂಡಿದರೂ ಇನ್ನೂರು ಚಿಲ್ಲರೆ ಡಾಲರ್. ಉಳಿದದ್ದು ಐದು ಸಾವಿರ. ಆ ದಿನ ಶೈಬ್ ಪಾರ್ಕಿನಲ್ಲಿ ಒಂದು ಹನಿ ಬೆವರಿಲ್ಲದೆ ಗೆದ್ದವನು ನ್ಯಾವಿನ್ ಒಬ್ಬನೇ, ಅದೂ ಸೋತ ತಂಡದ ಮಾಲೀಕ.

ಎದುರಿಗೆ ಕಾನಿ ಮ್ಯಾಕ್‌ನ ಅಥ್ಲೆಟಿಕ್ಸ್. ಮ್ಯಾಕ್ ಸಜ್ಜನ ಎಂದೇ ಹೆಸರಾದವನು. ಹೆಚ್ಚಿನ ಮ್ಯಾನೇಜರುಗಳು ಸಮವಸ್ತ್ರ ಹಾಕಿಕೊಂಡರೆ ಇವನು ಸೂಟು, ಎತ್ತರದ ಕಾಲರು ತೊಟ್ಟು ಬೆಂಚಿನ ಮೇಲೆ ನೆಟ್ಟಗೆ ಕೂರುತ್ತಿದ್ದ. ಇಂಥ ಸಜ್ಜನ ಆ ದಿನ, ಪಾಪ, ಹುಡುಗರು ಎಂದು ತನ್ನ ಎರಡನೇ ಸಾಲಿನವರನ್ನು ಇಳಿಸಿದನೇ? ಇಲ್ಲ. ಮೆಕಿನ್ನಿಸ್, ಕಾಲಿನ್ಸ್, ಬ್ಯಾರಿ, ಬೇಕರ್ ಎಂಬ, ಬೇಸುಗಳ ಸುತ್ತ ಕಾಯುವ ನಾಲ್ವರ ಅವನ ಪಡೆಗೆ ಪತ್ರಿಕೆಗಳು ‘ಲಕ್ಷ ಡಾಲರ್ ಇನ್‌ಫೀಲ್ಡ್’ ಎಂದು ಹೆಸರಿಟ್ಟಿದ್ದವು. ಲಕ್ಷದ ಇನ್‌ಫೀಲ್ಡ್ ಇತ್ತ, ಇಪ್ಪತ್ತೈದರ ಇನ್‌ಫೀಲ್ಡ್ ಅತ್ತ. ಗೇಟಿನಲ್ಲಿ ದುಡ್ಡು ಬಂದಾಗಿದೆ, ಇನ್ನು ಆಟ ತೋರಿಸಬೇಕಲ್ಲ.

ವೇಗವಾಗಿ ಎಸೆಯಬೇಡ ಎಂದು ಜೆನ್ನಿಂಗ್ಸ್ ಟ್ರಾವರ್ಸ್‌ಗೆ ಬುದ್ಧಿ ಹೇಳಿದ್ದನಂತೆ. ವೇಗದ ಚೆಂಡನ್ನು ಇವರು ಹೊಡೆದರೆ ಅದು ಎಸೆದವನ ತಲೆಗೇ ಬಂದೀತು, ಹುಡುಗ ಸತ್ತಾನು ಎಂಬ ಭಯ. ಡೆಟ್ರಾಯ್ಟ್ ಪಾಳೆಯದಲ್ಲಿ ಅಂದು ಕೇಳಿಬಂದ ಏಕೈಕ ಮಾನವೀಯ ಮಾತು ಇದೇ ಇರಬೇಕು. ಟ್ರಾವರ್ಸ್ ನಿಧಾನವಾಗಿ, ಸೊಟ್ಟಗೆ ಎಸೆದ. ವಿಚಿತ್ರವೆಂದರೆ ಸ್ವಲ್ಪ ಹೊತ್ತು ಇದು ನಡೆಯಿತು. ಇಂಥ ನಿಧಾನದ ಚೆಂಡನ್ನು ಚಾಂಪಿಯನ್ನರು ಬಾಲ್ಯದ ನಂತರ ನೋಡಿರಲಿಲ್ಲವೇನೋ, ಮೊದಮೊದಲು ತಡವರಿಸಿದರು.

ಆಮೇಲೆ ಅವರು ಬಂಟ್ ಶುರುಮಾಡಿದರು. ಬಂಟ್ ಎಂದರೆ ಬ್ಯಾಟು ಬೀಸದೆ ಚೆಂಡಿಗೆ ಸುಮ್ಮನೆ ತಾಗಿಸಿ, ಅದನ್ನು ನಾಲ್ಕು ಮಾರು ದೂರಕ್ಕೆ ಉರುಳಬಿಟ್ಟು ಓಡುವ ವಿದ್ಯೆ. ಹಿಡಿಯುವವನು ಮುಂದಕ್ಕೆ ನುಗ್ಗಿ, ಬಗ್ಗಿ, ಒಂದೇ ಉಸಿರಿಗೆ ಎತ್ತಿ ಮೊದಲ ಬೇಸಿಗೆ ಎಸೆಯಬೇಕು. ವೃತ್ತಿಯವರಿಗೇ ಕಷ್ಟದ ಕೆಲಸ. ಚೆಂಡು ಉರುಳಿದ್ದು ಮೂರನೇ ಬೇಸಿನ ಕಡೆಗೆ. ಅಲ್ಲಿ ನಿಂತಿದ್ದವನು ನಮ್ಮ ಬಾಕ್ಸರ್ ಮಹಾರ್ಗ್. ಮೈಮೇಲೆ ಬಂದದ್ದಕ್ಕೆ ಗುದ್ದುವುದು ಅವನ ಕಸುಬು. ಕಾಲ ಬುಡದಲ್ಲಿ ಉರುಳಿ ಹೋಗುವುದನ್ನು ಹೆಕ್ಕುವುದಲ್ಲ. ಚೆನ್ನಾಗಿಯೇ ಸಾಗಿತ್ತು, ಬಂಟ್ ಶುರುವಾದ ಮೇಲೆ ಕೆಟ್ಟಿತು ಎಂದು ಟ್ರಾವರ್ಸ್ ವರ್ಷಗಳ ನಂತರ ಹೇಳಿಕೊಂಡದ್ದುಂಟು. ಬ್ಯಾಟಿನಲ್ಲಿ ಸಿಡಿಲು ಇಟ್ಟುಕೊಂಡವರು ಬಾಕ್ಸರನ ಕಾಲ ಬಳಿ ಚೆಂಡು ಉರುಳಿಸಿ ಓಡಿದರು ಎನ್ನುವುದನ್ನು ಓದುವಾಗ ನನಗೆ ಟ್ರಾವರ್ಸ್‌ಗಿಂತ ಆ ಚಾಂಪಿಯನ್ನರ ಮೇಲೆಯೇ ಹೆಚ್ಚು ಮರುಕ ಬರುತ್ತದೆ. ಇದೂ ನಿಯಮದೊಳಗಿನದೇ, ಅದರಲ್ಲಿ ತಕರಾರಿಲ್ಲ.

ಹೀಗೆ ರನ್ನುಗಳು ಬರುತ್ತ ಹೋದವು. ಚೆಂಡೆಸೆಯುವವನನ್ನು ಬದಲಿಸಲು ಬೇರೆ ಯಾರಿದ್ದರು? ಟ್ರಾವರ್ಸ್ ಕೊನೆಯವರೆಗೂ ಎಸೆದ. ಒಬ್ಬನನ್ನು ಸ್ಟ್ರೈಕ್‌ಔಟ್ ಕೂಡ ಮಾಡಿದ; ಆ ಮಹಾನುಭಾವ ರಾತ್ರಿ ಮನೆಗೆ ಹೋಗಿ ಏನು ಹೇಳಿದನೋ. 24 ರನ್ನುಗಳಲ್ಲಿ 14ನ್ನು ಮಾತ್ರ ಟ್ರಾವರ್ಸ್‌ನ ತಲೆಗೆ ಕಟ್ಟಿ, ಉಳಿದ ಹತ್ತು ಕ್ಷೇತ್ರರಕ್ಷಕರ ತಪ್ಪಿನಿಂದ ಬಂದವೆಂದು ಸ್ಕೋರರ್ ಬರೆದ. ಆ ಲೆಕ್ಕದಲ್ಲೇ ಒಂಬತ್ತು ಇನಿಂಗ್ಸಿಗೆ ಅವನ ಸರಾಸರಿ 15.75ಕ್ಕೆ ನಿಂತದ್ದು. ಇಲ್ಲದಿದ್ದರೆ 27. ಈ ಸೂಕ್ಷ್ಮ ನ್ಯಾಯಪ್ರಜ್ಞೆಯನ್ನು ನೋಡಿ. ಪಂದ್ಯ ನಡೆಯಬೇಕೋ ಬೇಡವೋ ಎನ್ನುವಾಗ ಯಾರಿಗೂ ನೆನಪಾಗದ ನ್ಯಾಯ, ರನ್ನುಗಳನ್ನು ಪಾಲು ಹಾಕುವಾಗ ಮೈಯೆಲ್ಲ ಕಣ್ಣಾಗಿ ಕೂತಿತ್ತು.

ಡೆಟ್ರಾಯ್ಟಿನ ಎರಡು ರನ್ ಯಾರವು? ಆ ಇಬ್ಬರು ತರಬೇತುದಾರರವು. ನಲವತ್ತೆಂಟರ ಮೆಗ್ವೈರ್ ಒಂದು ಸುತ್ತು ಓಡಿಬಂದ, ನಲವತ್ತೊಂದರ ಸಗ್ಡನ್ ಒಂದು ಸುತ್ತು. ಇಡೀ ತಂಡ ಹೊಡೆದ ನಾಲ್ಕು ಹಿಟ್ಟುಗಳಲ್ಲಿ ಇವರದು ಒಂದೊಂದು. ಉಳಿದೆರಡು ಎಡ್ ಇರ್ವಿನ್‌ನವು, ಎರಡೂ ಮೂರು ಬೇಸ್ ದಾಟಿಸಿದ ಹೊಡೆತಗಳು. ಮೂರು ಸಲ ಬ್ಯಾಟು ಹಿಡಿದು ಎರಡು ಟ್ರಿಪಲ್! ಕಾಬ್ ಇಪ್ಪತ್ತನಾಲ್ಕು ವರ್ಷ ಆಡಿ ಬಿಟ್ಟುಹೋದ ಸರಾಸರಿ .366 ಆಸುಪಾಸು, ಇರ್ವಿನ್‌ನದು .667. ಒಂದೇ ಮಧ್ಯಾಹ್ನದಲ್ಲಿ ಟೈ ಕಾಬ್‌ನನ್ನು ಸರಾಸರಿಯಲ್ಲಿ ಹಿಂದೆ ಹಾಕಿ ಬೀದಿ ಮೂಲೆಗೆ ಮರಳಿದವನನ್ನು ಯಾರೂ ಎರಡನೇ ಸಲ ಕರೆಯಲಿಲ್ಲ. ನಾಲ್ಕು ವರ್ಷದ ಮೇಲೆ ಹೆಂಡದಂಗಡಿಯ ಗಲಾಟೆಯಲ್ಲಿ ಕಿಟಕಿಯಿಂದ ಎಸೆಯಲ್ಪಟ್ಟು ಸತ್ತನೆಂದು ಹೇಳುತ್ತಾರೆ. ಮ್ಯಾನೇಜರ್ ಜೆನ್ನಿಂಗ್ಸ್ ಕೂಡ, 43ನೇ ವಯಸ್ಸಿನಲ್ಲಿ, ತಡೆಯಲಾಗದೆ ಒಂದು ಸಲ ಬ್ಯಾಟು ಹಿಡಿದು ಬಂದ. ಏನೂ ಗಿಟ್ಟಲಿಲ್ಲ.

ಕೇರಿಯ ಹುಡುಗರು ಆಡುವಾಗ ಹಟ ಮಾಡುವ ಪುಟ್ಟ ತಮ್ಮನನ್ನು ಸೇರಿಸಿಕೊಳ್ಳುತ್ತಾರೆ: ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ’. ಓಡುತ್ತಾನೆ, ಕೇಕೆ ಹಾಕುತ್ತಾನೆ, ಔಟಾದರೂ ಔಟಲ್ಲ. ಮಕ್ಕಳಿಗೆ ತಿಳಿದ ಈ ಔದಾರ್ಯ ಅಮೆರಿಕನ್ ಲೀಗ್‌ಗೆ ತಲೆಕೆಳಗಾಗಿ ಹೊಳೆಯಿತು. ಆಟ ಇಲ್ಲದಿದ್ದರೂ ಚಿಂತೆಯಿಲ್ಲ, ಲೆಕ್ಕಕ್ಕೆ ಬಂದರೆ ಸಾಕು. 24–2ನ್ನು ಅಧಿಕೃತ ಪಂದ್ಯವೆಂದು ಬರೆದುಕೊಂಡರು. ಅಥ್ಲೆಟಿಕ್ಸ್‌ಗೆ ಒಂದು ಗೆಲುವು, ಟೈಗರ್ಸ್‌ಗೆ ಒಂದು ಸೋಲು, ಟ್ರಾವರ್ಸ್‌ಗೆ ಒಂದು ಅಮರತ್ವ. ಅಷ್ಟು ಕಷ್ಟಪಟ್ಟು ಬಂಟ್ ಮಾಡಿದ ಅಥ್ಲೆಟಿಕ್ಸ್ ಆ ವರ್ಷ ಮೂರನೇ ಸ್ಥಾನಕ್ಕೆ ಬಂತು ಎನ್ನುವುದನ್ನು ಸಂತೋಷದಿಂದಲೇ ತಿಳಿಸುತ್ತೇನೆ.

ಒಂಬತ್ತು ಜನ ಯಾರಾದರೂ ಆಗಬಹುದಿತ್ತು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಪಿಟೀಲು ನುಡಿಸುವವನು ಆಗಬಹುದಿತ್ತು. ಬಾಕ್ಸರ್ ಆಗಬಹುದಿತ್ತು. ನಲವತ್ತೆಂಟರ ಮೊಣಕಾಲು ಆಗಬಹುದಿತ್ತು. ಕರಿಯರು ಮಾತ್ರ ಆಗುವಂತಿರಲಿಲ್ಲ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಲಿಂಕನ್ ಜೈಂಟ್ಸ್ ಎಂಬ ಕರಿಯರ ತಂಡದಲ್ಲಿ ಜಾನ್ ಹೆನ್ರಿ ಲಾಯ್ಡ್ ಎಂಬ ಶಾರ್ಟ್‌ಸ್ಟಾಪ್, ಜೋ ವಿಲಿಯಮ್ಸ್ ಎಂಬ ಪಿಚರ್ ಆಡುತ್ತಿದ್ದರು. ಇಬ್ಬರೂ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಬದುಕಿದ್ದಾಗ ಯಾವ ಮೇಜರ್ ಲೀಗ್ ತಂಡವೂ ಒಂದು ಮಧ್ಯಾಹ್ನದ ಕೂಲಿಗೂ ಕರೆಯಲಿಲ್ಲ. ಇದಕ್ಕೆ ಲಿಖಿತ ನಿಯಮವೂ ಬೇಕಿರಲಿಲ್ಲ. ಬರೆದ ನಿಯಮದಿಂದ ತಪ್ಪಿಸಿಕೊಳ್ಳಲು ಇಷ್ಟೆಲ್ಲ ದಾರಿ ಹುಡುಕಿದವರು ಬರೆಯದ ನಿಯಮವನ್ನು ಒಬ್ಬನೂ ಮೀರದೆ ಪಾಲಿಸಿದರು. ಅಷ್ಟಕ್ಕೂ ಇಡೀ ರಾಮಾಯಣ ಶುರುವಾದದ್ದು ಎಲ್ಲಿಂದ? ಒಬ್ಬ ಬಿಳಿಯನನ್ನು ಇನ್ನೊಬ್ಬ ಬಿಳಿಯ ‘ಕರಿಯ’ ಎಂದು ಬೈದದ್ದರಿಂದ. ಆ ಬೈಗುಳ ಸಹಿಸಲಸಾಧ್ಯವಾದ ಅವಮಾನ ಎಂಬುದರಲ್ಲಿ ಬೈದವನು, ಬೈಸಿಕೊಂಡವನು, ಮುಷ್ಕರ ಹೂಡಿದವರು, ದಂಡ ಹಾಕಿದವನು ಎಲ್ಲರಿಗೂ ಒಮ್ಮತವಿತ್ತು. ಬೇರೆ ಯಾವುದರಲ್ಲೂ ಇರಲಿಲ್ಲ.

ಮರುದಿನ ಭಾನುವಾರ. ಪೆನ್ಸಿಲ್ವೇನಿಯಾದ ಕಾಯಿದೆ ಪ್ರಕಾರ ಭಾನುವಾರ ಬೇಸ್‌ಬಾಲ್ ಆಡುವುದು ನಿಷಿದ್ಧ, ದೇವರಿಗೆ ಬೇಸರವಾಗುತ್ತದೆ. ಶನಿವಾರ ನಡೆದದ್ದರಿಂದ ದೇವರಿಗೆ ಬೇಸರವಾದ ವರದಿಯಿಲ್ಲ. ಸೋಮವಾರದ ಪಂದ್ಯವನ್ನು ರದ್ದು ಮಾಡಿದರು. ಟ್ರಾವರ್ಸ್‌ನ ಎರಡನೇ ಪ್ರದರ್ಶನ ನೋಡುವ ಭಾಗ್ಯ ಫಿಲಡೆಲ್ಫಿಯಾಕ್ಕೆ ತಪ್ಪಿತು. ಜಾನ್ಸನ್ ಖುದ್ದು ಬಂದು ಗುಡುಗಿದ: ಆಡದಿದ್ದರೆ ಆಜೀವ ಬಹಿಷ್ಕಾರ. ಕಾಬ್ ತಾನೇ ಸಂಗಡಿಗರಿಗೆ ಹೋಗಿ ಆಡಿ ಎಂದ. ಮಂಗಳವಾರ ಅವರು ವಾಷಿಂಗ್ಟನ್‌ನಲ್ಲಿ ಆಡಿದರು.

ಇನ್ನು ತೀರ್ಪು. ಕೈಯಿಲ್ಲದವನನ್ನು ತುಳಿದ ಕಾಬ್‌ಗೆ ಹತ್ತು ದಿನ ಅಮಾನತು, 50 ಡಾಲರ್ ದಂಡ. ಅವನ ಪರವಾಗಿ ನಿಂತು ಒಂದು ಮಧ್ಯಾಹ್ನ ಆಡದಿದ್ದವರಿಗೆ ತಲೆಗೆ 100 ಡಾಲರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನಾವು ಕೇಳಿದ್ದೇವೆ. ಇಲ್ಲಿ ಎತ್ತಿಗೊಂದು ಸಣ್ಣ ಬರೆ, ಎಮ್ಮೆಗೆ ಅದರ ಎರಡರಷ್ಟು. ಹೊಡೆದಾಟ ಚಿಲ್ಲರೆ ಅಪರಾಧ, ಒಗ್ಗಟ್ಟು ದೊಡ್ಡ ಅಪರಾಧ ಎಂದು ಇದಕ್ಕಿಂತ ಸ್ಪಷ್ಟವಾಗಿ ಅಂಕಿಯಲ್ಲಿ ಬರೆಯಲಾಗದು. ಆಟಗಾರರಿಗೆ ಪಾಠ ಅರ್ಥವಾಯಿತು, ಆದರೆ ಜಾನ್ಸನ್ ಬಯಸಿದ ರೀತಿಯಲ್ಲಲ್ಲ. ಅದೇ ವರ್ಷ ಡೇವ್ ಫುಲ್ಟ್ಸ್ ಎಂಬ ಮಾಜಿ ಆಟಗಾರ, ವಕೀಲ, ಅವರಿಗೊಂದು ಸಂಘ ಕಟ್ಟಿಕೊಟ್ಟ.

ಟ್ರಾವರ್ಸ್ ಮತ್ತೆಂದೂ ಮೇಜರ್ ಲೀಗ್‌ನಲ್ಲಿ ಚೆಂಡು ಎಸೆಯಲಿಲ್ಲ. ಓದು ಮುಗಿಸಿ ಜೆಸ್ವಿಟ್ ಸಂಘ ಸೇರಿದ, 1926ರಲ್ಲಿ ಪಾದ್ರಿಯಾದ. ಇನ್ನು ಬಹುವಚನ ಕೊಡಬೇಕು: ಫಾದರ್ ಟ್ರಾವರ್ಸ್ ಅವರು ಪಾಠ ಹೇಳುತ್ತ, ತಪ್ಪೊಪ್ಪಿಗೆ ಕೇಳುತ್ತ 1968ರವರೆಗೆ ಬದುಕಿದರು. ಮೇಜರ್ ಲೀಗ್ ಆಡಿ ಕ್ಯಾಥೊಲಿಕ್ ಪಾದ್ರಿಯಾದವರು ಅವರೊಬ್ಬರೇ ಎನ್ನುತ್ತಾರೆ. ಆ ಪಂದ್ಯದ ಸಂಬಂಧ ತಪ್ಪೊಪ್ಪಿಕೊಳ್ಳಲು ನ್ಯಾವಿನ್ ಆಗಲಿ ಜಾನ್ಸನ್ ಆಗಲಿ ಅವರ ಬಳಿ ಬಂದ ಸುದ್ದಿಯಿಲ್ಲ. ಲೀನ್‌ಹೌಸರ್ ಫಿಲಡೆಲ್ಫಿಯಾದಲ್ಲಿ ಪೊಲೀಸ್ ಅಧಿಕಾರಿಯಾದ.

ಮೂರನೇ ಬೇಸಿನ ಬಾಕ್ಸರ್ ಮಾತ್ರ ಬೇಸ್‌ಬಾಲನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. 1912ರಲ್ಲಿ ಡೆಟ್ರಾಯ್ಟ್ ಪರ ಚೆಂಡೆಸೆದಿದ್ದ ಬಿಲ್ ಬರ್ನ್ಸ್ ಎಂಬವನ ಜತೆ ಸೇರಿಕೊಂಡು, 1919ರ ವಿಶ್ವ ಸರಣಿಯನ್ನು ಸೋಲಲು ಷಿಕಾಗೋ ಆಟಗಾರರಿಗೆ ಹಣ ಹೊಂದಿಸುವ ವ್ಯವಹಾರಕ್ಕೆ ಇಳಿದ. ವ್ಯವಹಾರದಲ್ಲಿ ಮೋಸ ಹೋದ. ಬಂಟನ್ನೇ ಹೆಕ್ಕಲಾಗದವನು ಜೂಜುಕೋರರನ್ನು ಹಿಡಿದಾನೆಯೇ. 1920ರಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯೊಂದಕ್ಕೆ ಎಲ್ಲವನ್ನೂ ಬಾಯಿಬಿಟ್ಟ. ಆಟದ ಮಾನ ಬೀದಿಗೆ ಬಂತು. ಮಾಲೀಕರು ಹೆದರಿ, ನ್ಯಾಯಾಧೀಶ ಲ್ಯಾಂಡಿಸ್‌ನನ್ನು ಕರೆದು ಕಮಿಷನರ್ ಎಂದು ಎಲ್ಲರ ಮೇಲೆ ಕೂರಿಸಿದರು. ಬ್ಯಾನ್ ಜಾನ್ಸನ್‌ನ ತಲೆಯ ಮೇಲೆ ಮೊದಲ ಸಲ ಒಬ್ಬ ಯಜಮಾನ ಬಂದ.

ಜಾನ್ಸನ್, ಲ್ಯಾಂಡಿಸ್ ಇಬ್ಬರ ಕೊನೆಯ ಜಗಳ ನಡೆದದ್ದು ಮತ್ತೆ ಟೈ ಕಾಬ್‌ನ ವಿಷಯದಲ್ಲೇ. ಹಳೆಯ ಪಂದ್ಯವೊಂದರ ಫಲಿತಾಂಶವನ್ನು ಮೊದಲೇ ಗೊತ್ತುಮಾಡಿಕೊಂಡಿದ್ದನೆಂಬ ಆರೋಪ ಬಂದಾಗ, 1926ರಲ್ಲಿ, ಜಾನ್ಸನ್ ತನ್ನ ಹಳೆಯ ಪದ್ಧತಿಯಂತೆ ಬಹಿರಂಗ ವಿಚಾರಣೆಯಿಲ್ಲದೆ ಕಾಬ್‌ನನ್ನು ಸದ್ದಿಲ್ಲದೆ ಮನೆಗೆ ಕಳಿಸಲು ನೋಡಿದ. ಲ್ಯಾಂಡಿಸ್ ಆರೋಪವನ್ನು ತಳ್ಳಿಹಾಕಿದ. 1927ರಲ್ಲಿ ಹುದ್ದೆ ಬಿಟ್ಟು ಹೋದವನು ಜಾನ್ಸನ್. ಕಾಬ್ ಆ ವರ್ಷ ಕಾನಿ ಮ್ಯಾಕ್‌ನ ಅಥ್ಲೆಟಿಕ್ಸ್‌ಗೆ ಸಹಿ ಹಾಕಿ, ಶೈಬ್ ಪಾರ್ಕಿನಲ್ಲಿ ಆಡತೊಡಗಿದ. ಕೈತುಂಬ ಸಂಬಳ ಕೊಟ್ಟರು.